ಆರು ಅಕ್ಷರ

ಗುರುವಾರದ ಪತ್ರಿಕೆಯ ಪದಬಂಧ, ಅಡ್ಡಸಾಲು ಹದಿನೇಳು:
'ಕಾಲುಚೀಲದ ನೂಲಿನ ಅಳತೆ; ಕಂಡದ್ದನ್ನು ಕಾಣಲಿಲ್ಲ ಎನ್ನುವವನು.'
ಇಂಗ್ಲಿಷಿನಲ್ಲಿ ಆರು ಅಕ್ಷರ.
ಪಕ್ಕದ ಮನೆಯ ಟ್ಯಾಮ್ಸಿನ್ ಪೆನ್ಸಿಲ್ ಕಚ್ಚುತ್ತ ಕೂತಿದ್ದಳು.
ನಾನು ಚಹಾ ಸೋಸುತ್ತ, ತಿರುಗಿಯೂ ನೋಡದೆ ಹೇಳಿದೆ:
ಡೆನಿಯರ್.

ಇಪ್ಪತ್ತೊಂಬತ್ತು ವರ್ಷ ಆ ಪದದ ಕೂಲಿ ಉಂಡವಳು,
ಹಿಂಕ್ಲಿಯ ಮಿಲ್ಲಿನಲ್ಲಿ, ಮೂರನೆಯ ಅಂತಸ್ತು, ಉತ್ತರದ ಕಿಟಕಿ.
ಒಂಬತ್ತು ಸಾವಿರ ಮೀಟರ್ ನೂಲು ತಕ್ಕಡಿಯಲ್ಲಿಟ್ಟಾಗ
ಹದಿನೈದು ಗ್ರಾಂ ತೂಗಿದರೆ ಹದಿನೈದು ಡೆನಿಯರ್.
ಇಲ್ಲಿಂದ ನನೀಟನ್ ದಾಟುವಷ್ಟು ಉದ್ದ,
ಮೂರು ಚಮಚ ಸಕ್ಕರೆಯಷ್ಟು ಭಾರ.
ಅಂಗೈ ತೂರಿಸಿ, ಬೆರಳಗಲಿಸಿ, ಬೆಳಕಿಗೆ ಹಿಡಿಯುವುದು ನನ್ನ ಕೆಲಸ;
ಎಳೆಯೊಂದು ಜಾರಿದ್ದರೂ ಕಣ್ಣು ತಪ್ಪುವಂತಿಲ್ಲ.
ಹದಿನೈದರಲ್ಲಿ ಮಚ್ಚೆಯೂ ಕಾಣುತ್ತದೆ,
ನಲವತ್ತರಲ್ಲಿ ನೀಲಿಗಟ್ಟಿದ ನರ ಅಡಗುತ್ತದೆ,
ನೂರು ಏರಿಸಿಕೊಂಡರೆ ಕಾಲೇ ಇಲ್ಲ,
ಬರೀ ಕಾಲಿನ ಆಕಾರ.

'ಕಾಗುಣಿತ ಒಂದೇ ಹೆಟಿ ಅಜ್ಜಿ,
ಆದರೆ ಎರಡನೆಯದನ್ನು ಡಿನೈಯರ್ ಎನ್ನಬೇಕು,
ನಡುವೆ ಬಾಯಿ ತುಸು ಹೆಚ್ಚು ತೆರೆಯಬೇಕು.'
ಹೌದು ಮಗು.
ತೆರೆಯಬೇಕಿತ್ತು.

ಆಲ್ಬನ್ ಕೆಳಗೆ, ಬಣ್ಣದ ಹೊಂಡಗಳ ಹಬೆಯಲ್ಲಿ.
ಉಗುರ ಸಂದಿಯಲ್ಲಿ ಕಂದು, ದಿಂಬಿನ ಮೇಲೆ ಕಂದು,
ಎಷ್ಟು ಒಗೆದರೂ ಹೋಗದ ಅವನ ತಲೆಯ ಅಚ್ಚು.
ಒಂದು ಭಾನುವಾರ ಬಚ್ಚಲಿನಿಂದ ಕರೆದ,
ಕರೆದು ಸುಮ್ಮನಾದ.
ಹೊರಬಂದು, 'ಬೀಟ್‌ರೂಟ್ ತಿಂದಿದ್ದೆನಲ್ಲ, ಅದೇ' ಅಂದ.
ಆ ವಾರ ನಮ್ಮ ಮನೆಗೆ ಬೀಟ್‌ರೂಟ್ ಬಂದಿರಲಿಲ್ಲ.
ಸಂತೆಗೆ ಹೋಗುವವಳು ನಾನು.
ಹೂಂ ಅಂದೆ.
ಎಳೆ ಜಾರಿದ್ದನ್ನು ಎಂದೂ ಬಿಡದವಳು
ಹೂಂ ಅಂದು, ಆಲೂಗಡ್ಡೆ ಸುಲಿದೆ.

ಕಣ್ಣು ಮುಚ್ಚಿ ಹಾಲು ಕುಡಿವ ಬೆಕ್ಕನ್ನು ಎಲ್ಲರೂ ಬೈಯುತ್ತಾರೆ,
ಹಾಲಿಟ್ಟವರನ್ನು ಯಾರೂ ಕೇಳುವುದಿಲ್ಲ.

ಮಿಲ್ಲಿನ ಡಾಕ್ಟರ ಅಂಗಿಯ ತೋಳು ಬೆಳ್ಳಗಿತ್ತು.
ಸಿಗರೇಟು ಸೇದುತ್ತೀಯಾ ಎಂದು ಮೂರು ಸಲ ಕೇಳಿದರು,
ಹೊಂಡದಲ್ಲಿ ಏನಿದೆ ಎಂದು ಒಂದು ಸಲವೂ ಇಲ್ಲ.
ಆ ಚಳಿಗಾಲ ಟೂನ್ ಅಣ್ಣತಮ್ಮಂದಿರು ಹೋದರು,
ಆಮೇಲೆ ಗ್ಯಾಂಬಲ್,
ಆಮೇಲೆ ನನ್ನವನು.

ಪತ್ರ ಬಂದದ್ದು ಅವನ ಹೆಸರಿಗೇ, ಮಣ್ಣಾದ ಹನ್ನೊಂದನೆಯ ದಿನ.
ಮೇಲಿನ ಸಾಲಿನಲ್ಲಿ ಆ ಪದ: ಬಣ್ಣದಿಂದ ಬಂದ ರೋಗ ಅಲ್ಲ.
ಕೆಳಗಿನ ಸಾಲಿನಲ್ಲಿ ಅದೇ ಪದ, ಅದೇ ಶಾಯಿ: ಪರಿಹಾರ ಕೊಡೆವು.
ಒಂದು ಪುಟ್ಟ ಕ್ರಿಯಾಪದ,
ಸತ್ಯವನ್ನೂ ಹೊರಗಟ್ಟಿ, ದುಡ್ಡನ್ನೂ ಒಳಗೆಳೆದುಕೊಂಡು,
ಬಾಗಿಲು ಹಾಕಿಕೊಂಡು ಹೋಯಿತು.
ಅಷ್ಟು ಅಚ್ಚುಕಟ್ಟಿನ ಕೆಲಸಗಾರ ನಮ್ಮ ಪಾಳಿಯಲ್ಲೂ ಇರಲಿಲ್ಲ.

ಅವನನ್ನು ಹೂಳಿದ ದಿನ ನಾನು ತೊಟ್ಟದ್ದು ಹದಿನೈದು. ಕಪ್ಪು.
'ಇಗರ್ಜಿಗೆ ಇದೆಂಥದು, ಮೊಣಕಾಲೆಲ್ಲ ಕಾಣುತ್ತಿದೆ'
ಎಂದು ನಾದಿನಿ ಮುಖ ತಿರುಗಿಸಿದಳು.
ಕಾಣಲಿ ಅಂದೆ.
ಅದು ನಾನು ತಡವಾಗಿ ಆಡಿದ ಮಾತು.

ಟ್ಯಾಮ್ಸಿನ್ ಚೌಕಗಳನ್ನು ತುಂಬಿ ಹುಬ್ಬು ಗಂಟಿಕ್ಕಿದಳು:
'ಕೊನೆಯ ಅಕ್ಷರ ಕೆಳಸಾಲಿಗೆ ಕೂಡುತ್ತಿಲ್ಲ ಅಜ್ಜಿ.
ಅಲ್ಲಿ ನಾನು ಆಗಲೇ ಬೇರೆ ಬರೆದಿದ್ದೇನೆ.'
ರಬ್ಬರ್ ಅವಳ ಕಡೆ ತಳ್ಳಿದೆ.
ಹಾಗಾದರೆ ಕೆಳಸಾಲು ತಪ್ಪು, ಮಗು.
ಅದನ್ನು ಅಳಿಸು.