ಪೂರ್ವಕ್ಕೆ ಬಾವಿ

ಉಪ್ಪಳ ರೈಲ್ವೆ ಗೇಟಿನ ಹತ್ತಿರ, ಚಪ್ಪಲಿ ಅಂಗಡಿಯ ಮಾಳಿಗೆ.
ಆಧಾರ ಬರೆಯುವ ಆಫೀಸು. ಇಲ್ಲಿ ಆಧಾರವೆಂದರೆ
ಬೆರಳೊತ್ತಿ ಪಡೆಯುವ ಕಾರ್ಡಲ್ಲ,
ಜಾಗದ ಪತ್ರ: ಕೊಟ್ಟದ್ದು, ಕೊಂಡದ್ದು, ಪಾಲಾದದ್ದು.
ನಾಲ್ಕು ಕಂಪ್ಯೂಟರು, ಒಂದು ಪ್ರಿಂಟರು,
ಗೋಡೆಗೆ ಮೊಳೆ ಹೊಡೆದು ಎಳೆದ ನೀಲಿ ವಯರು.

ತುಲಾ ತಿಂಗಳ ಸಿಡಿಲು ಆ ವಯರಿನೊಳಗೇ ಬಂತು.
ಲವೀನಾ ಆಗಷ್ಟೇ ಚಾಕ್ಕೆ ಎದ್ದಿದ್ದಳು.
ಎರಡು ಯಂತ್ರ ಸುಟ್ಟವು,
ಹದಿಮೂರು ಆಧಾರ ಹೋದವು, ನೋಂದಣಿಗೆ ಮುಂಚಿನವು.
ಹದಿಮೂರು ಮನೆಗೆ ಫೋನು ಮಾಡಿದವಳು ನಾನು:
"ಇನ್ನೊಮ್ಮೆ ಬರಬೇಕು. ಹಳೆ ಪತ್ರ ತನ್ನಿ."
ಒಬ್ಬರು ಮಲಯಾಳದಲ್ಲಿ ಬೈದರು, ಒಬ್ಬರು ತುಳುವಿನಲ್ಲಿ.
ಕನ್ನಡದಲ್ಲಿ ಬೈದವರು ಬಹುವಚನ ಬಿಡಲಿಲ್ಲ.

ಈಗ ಮೇಜಿನ ಮೇಲೆ ಮೂರು ಕೊಟೇಶನ್ನು.

ಹೊಸದುರ್ಗದ ಶಿಜು ಮೊದಲು ತೋರಿಸಿದ್ದು ಕರಿಪೆಟ್ಟಿಗೆ:
ಒಳಗೆ ಜೋಡಿ ಡಿಸ್ಕು, ಒಂದು ಸತ್ತರೆ ಇನ್ನೊಂದು.
"ನಾನು ತಪ್ಪಿ ಅಳಿಸಿದರೆ?" ಅಂದೆ.
ಎರಡರಲ್ಲೂ ಅಳಿಯುತ್ತದೆ, ಒಂದೇ ಉಸಿರಿಗೆ.
ಕನ್ನಡಿಗೆ ನೆನಪಿರುವುದಿಲ್ಲ.

ಎರಡನೆಯದು ಕ್ಲೌಡು. ಎಲ್ಲಿರುತ್ತದೆ ಅಂದರೆ
ಮುಂಬೈ ಇರಬಹುದು, ಸಿಂಗಾಪುರ ಇರಬಹುದು.
ಮೊದಲ ಸಲ ಮೇಲೇರಲು ಒಂಬತ್ತು ರಾತ್ರಿ ಬೇಕು,
ಹೈವೇ ಅಗಲ ಮಾಡುವ ಜೆಸಿಬಿ
ಅಷ್ಟರಲ್ಲಿ ಕೇಬಲು ತುಂಡು ಮಾಡದಿದ್ದರೆ.
ತಿಂಗಳು ತಿಂಗಳು ಬಾಡಿಗೆ. ಕಟ್ಟದಿದ್ದರೆ?
ಶಿಜು ಚಾ ಕುಡಿದ.

ಮೂರನೆಯದು ಅಂಗೈಯಗಲದ ಡಿಸ್ಕು, ಎರಡು.
ಅದರ ಬಗ್ಗೆ ಅವ ಹೆಚ್ಚು ಮಾತಾಡಲಿಲ್ಲ. ಕಮಿಷನ್ನು ಕಡಿಮೆ.

ಬೆಳ್ಚಪ್ಪಾಡರು ಕನ್ನಡಕ ಒರೆಸುತ್ತ ಕೂತಿದ್ದರು.
ಕಾರ್ಬನ್ ಕಾಗದದ ಕಾಲದಲ್ಲಿ ಅವರು
ಎಲ್ಲದರ ಅಡಿಪ್ರತಿ ಟ್ರಂಕಿಗೆ ತುಂಬಿ
ಪೈವಳಿಕೆಯ ಅಕ್ಕನ ಮನೆಗೆ ಕಳಿಸುತ್ತಿದ್ದರಂತೆ.
"ಒಂದೇ ಮಾಡಿನ ಅಡಿ ಎರಡು ಪ್ರತಿ ಇಟ್ಟರೆ
ಅದು ಒಂದೇ ಪ್ರತಿ" ಅಂದರು. ಮತ್ತೆ,
"ಇಟ್ಟದ್ದು ಸರಿ ಮಾರಾಯ, ತೆಗೆದು ತೋರಿಸು."

ತನ್ನ ಲ್ಯಾಪ್‌ಟಾಪಿನಲ್ಲಿ ತೆಗೆದ:
ಎರಡು ಸಾವಿರದ ಐದರ ಒಂದು ಪಾಲುಪಟ್ಟಿ,
ಅಣ್ಣತಮ್ಮಂದಿರು ಇನ್ನೂ ಕೋರ್ಟಿನಲ್ಲಿರುವ ಜಾಗ.
ಚಕ್ಕುಬಂದಿಯ ಸಾಲಿಗೆ ಬಂದಾಗ ಪರದೆ ಹೇಳಿತು:

¥ÀÆªÀðPÉÌ ¨Á«

ವೈರಸ್ಸು, ಅಂದ ಶಿಜು.
ಆ ಸಾಲನ್ನು ಟೈಪು ಮಾಡಿದವಳೇ ನಾನು.
ಒಂದು ಬಿಂದು ಕಳೆದಿರಲಿಲ್ಲ. ಇಲ್ಲದ್ದು ಹಳೆಯ ಫಾಂಟು,
ನಮ್ಮಲ್ಲಿದ್ದದ್ದು ಸುಟ್ಟ ಯಂತ್ರದ ಜೊತೆ ಹೋಗಿತ್ತು.
ಡ್ರಾವರು ತಡಕಿದೆ. ಸ್ಟಾಂಪು ಪ್ಯಾಡಿನ ಕೆಳಗೆ
ಗೀರು ಬಿದ್ದ ಒಂದು ಸೀಡಿ.
ಮೂರು ಸಲ ಗೊರಗುಟ್ಟಿ ನಾಲ್ಕನೆಯ ಸಲ ತಿರುಗಿತು,
ಅಕ್ಷರಗಳು ಎದ್ದು ಕೂತವು.
ಓದುವ ದಾರಿಯನ್ನೂ ಕಟ್ಟಿಡಬೇಕೆಂದು
ಯಾವ ಕೊಟೇಶನ್ನಿನಲ್ಲೂ ಬರೆದಿರಲಿಲ್ಲ.

ಕೊನೆಗೆ ಡಿಸ್ಕು ಎರಡು. ಕ್ಲೌಡು ಸ್ವಲ್ಪ,
ಬರೆಯುತ್ತಿರುವ ಆಧಾರಗಳಿಗೆ ಮಾತ್ರ.
ಪಾಸ್‌ವರ್ಡು ಎರಡು ಚೀಟಿಯಲ್ಲಿ:
ಒಂದು ಲವೀನಾಳ ಪ್ರಾರ್ಥನೆ ಪುಸ್ತಕದೊಳಗೆ,
ಇನ್ನೊಂದು ಎಲ್ಲೆಂದು ಹೇಳುವುದಿಲ್ಲ.

ಶುಕ್ರವಾರ ಸಂಜೆ ಒಂದು ಡಿಸ್ಕು ನನ್ನ ಬುತ್ತಿಚೀಲದಲ್ಲಿ
ಕುಂಬಳೆ ಬಸ್ಸು ಹತ್ತುತ್ತದೆ. ಮಡಿಲಲ್ಲಿ ಇಡೀ ಉಪ್ಪಳ,
ಬೇಲಿ, ತೋಡು, ನಡೆದಾಡುವ ಹಕ್ಕು.
ಕಂಡಕ್ಟರು ಅದಕ್ಕೆ ಟಿಕೇಟು ಕೇಳುವುದಿಲ್ಲ.

ಮನೆಯಲ್ಲಿ ಒಂದು ಫೈಲು ತೆರೆದು ನೋಡುತ್ತೇನೆ, ಕೈಗೆ ಸಿಕ್ಕಿದ್ದು.
ಪಶ್ಚಿಮಕ್ಕೆ ರಸ್ತೆ. ಉಂಟು.
ಉತ್ತರಕ್ಕೆ ಮೊಯ್ದೀನ್ ಕುಂಞಿಯ ಗೋಡೆ. ಉಂಟು.
ಪೂರ್ವಕ್ಕೆ ಬಾವಿ.
ಅದರ ಮೇಲೆ ಹೋದ ವರ್ಷ ಹೈವೇಯ ಮಣ್ಣು ಬಿತ್ತು.
ಇಲ್ಲಿ ಉಂಟು.