ಅರ್ಧ ಪ್ಲಸ್

ಗದ್ದ ಇಲ್ಲಿಡಿ, ಹಣೆ ಪಟ್ಟಿಗೆ ಒತ್ತಿ,
ನನ್ನ ಕಿವಿಯನ್ನೇ ನೋಡಿ, ಅಂದರು ಡಾಕ್ಟರ್ ನಿಲ್ಗ್ಯುನ್.
ಬೈತುಲ್ಲಾ ನೋಡಿದ. ಅಲ್ಲಿ ಕಿವಿಯಿರಲಿಲ್ಲ,
ಬೂದಿಬಣ್ಣದ ಮಬ್ಬಿತ್ತು, ಮಾತಾಡುವ ಮಬ್ಬು.

ನನ್ನ ಕೆಲಸ ಬರೆದುಕೊಳ್ಳುವುದು.

ದೀಪ ಆರಿಸಿದ ಕೋಣೆಯಲ್ಲಿ
ಅವನ ಕಣ್ಣೊಳಗೆ ಒಂದು ಬಿಸಿಲುಕೋಲು ಇಳಿಯುತ್ತದೆ,
ಒಂದು ಮಿಲಿಮೀಟರ್ ಅಗಲ, ಒಂದು ಮಿಲಿಮೀಟರ್ ಎತ್ತರ.
ಅದರಲ್ಲಿ ಧೂಳು ತೇಲುತ್ತದೆ.
ಧೂಳಲ್ಲ, ಕಾವಲಿಗೆಂದು ಹುಟ್ಟಿದ ಅವನದೇ ಬಿಳಿಯ ರಕ್ತಕಣ.
ಮನೆಯೊಡೆಯನನ್ನೇ ಕಳ್ಳನೆಂದುಕೊಂಡು
ಬಾಗಿಲು ಒಡೆದು ಒಳಬಂದವು.
ಡಾಕ್ಟರ್ ಉಸಿರು ಹಿಡಿದು ಎಣಿಸುತ್ತಾರೆ.

ಎಣಿಸುವುದು ಬೈತುಲ್ಲಾನಿಗೂ ಗೊತ್ತು.
ಓಲ್ತುವಿನ ಕರಿಕಲ್ಲು ಕಡೆದು ಜಪಮಣಿ ಮಾಡುವವನು.
ದಾರಕ್ಕೆ ಮೂವತ್ತಮೂರು,
ಬರೀ ಕಣ್ಣಳತೆಯಲ್ಲಿ ಒಂದಕ್ಕೊಂದು ಸಮ.
ಮೊದಲ ಸಲ ಬಂದಾಗ ಆ ಕಪ್ಪುಕಣ್ಣಿನ ತಳದಲ್ಲಿ
ಕೀವಿನ ಬಿಳಿ ಗೆರೆ ಕೂತಿತ್ತು, ಹಿಮದ ಹಾಗೆ.
"ಎರ್ಜುರುಮಿನ ಬೀದಿಯಲ್ಲಿ ಬಿದ್ದದ್ದು ಸಾಲದೆ
ಇಲ್ಲೂ ಬಿತ್ತೇ?" ಎಂದು ಜನವರಿಯನ್ನು ಬೈದ.

ಸ್ಟಿರಾಯ್ಡ್ ಕೊಟ್ಟೆವು. ಮುಖ ಹುಣ್ಣಿಮೆಯಾಯಿತು.
ಹಿಮ ಕರಗಿತು. ಕಣ್ಣಿನ ಒತ್ತಡ ಏರಿತು.
ಹಿಮ ಮತ್ತೆ ಬಿತ್ತು.

ಆಮೇಲೆ ಈ ಪ್ರಯೋಗ. ಹಳೆಯ ಮಾತ್ರೆ ಹೇಗೂ ಇದೆ,
ಅದರ ಮೇಲೊಂದು ಸೂಜಿ. ಸೂಜಿಯಲ್ಲಿ ಹೊಸ ಔಷಧಿ,
ಇಲ್ಲವೇ ಬರಿಯ ಉಪ್ಪುನೀರು.
ಯಾವುದೆಂದು ಅವನಿಗೆ ತಿಳಿಯಬಾರದು, ಡಾಕ್ಟರಿಗೆ ತಿಳಿಯಬಾರದು,
ನನಗಂತೂ ಡಬ್ಬಿಯ ಮೇಲಿನ ಸಂಖ್ಯೆಯಾಚೆ ಏನೂ ಕಾಣದು.
ಒಪ್ಪಿಗೆಪತ್ರ ಓದಿ ಹೇಳಿದಾಗ ಅವನು ನಕ್ಕುಬಿಟ್ಟ:
"ಹಾಗಾದರೆ ನೀವೂ ನನ್ನಂತೆಯೇ."

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಅನ್ನುತ್ತಾರಲ್ಲ,
ನಾವು ಅವನ ಕಣ್ಣಿಗೆ ಹನಿ ಬಿಟ್ಟು ಕಾದೆವು.
ಇಪ್ಪತ್ತೆರಡು. ಇಪ್ಪತ್ತು. ಮತ್ತೆ ಇಪ್ಪತ್ತಾರು.
ನಡುವೆ ಒಂದು ಸಲ ಅವನು ಬರಲೇ ಇಲ್ಲ,
ತಂಗಿಯ ಮದುವೆ, ಪಾಸಿನ್‌ಲರ್ ದಾರಿಯಲ್ಲಿ ಬಸ್ಸು ಸಿಕ್ಕಿಕೊಂಡಿತ್ತು.
ಆ ಸಾಲು ಖಾಲಿ. ಖಾಲಿ ಎಂದೇ ಬರೆಯಬೇಕು.

ಒಂಬತ್ತನೆಯ ಭೇಟಿ. ಬಲಗಣ್ಣು.
ಡಾಕ್ಟರ್ ಎಣಿಸಿದರು. ನಿಲ್ಲಿಸಿದರು.
ಕೋಲನ್ನು ಸರಿಸಿ ಇನ್ನೊಮ್ಮೆ ಎಣಿಸಿದರು.
"ನಾಲ್ಕು."
ಒಂದರಿಂದ ಐದಾದರೆ ಅರ್ಧ ಪ್ಲಸ್. ಬರೆದೆ.
"ನಾಲ್ಕೇ? ನಾಲ್ಕು ಮಣಿಗೆ ಯಾರೂ ದಾರ ಪೋಣಿಸುವುದಿಲ್ಲ," ಅಂದ ಅವನು.
ಔಷಧಿಯೋ, ಉಪ್ಪುನೀರೋ, ಸುಮ್ಮನೆ ಬಂದ ಒಳ್ಳೆಯ ತಿಂಗಳೋ
ಇನ್ನೆರಡು ವರ್ಷ ಲಕೋಟೆ ಒಡೆಯುವಂತಿಲ್ಲ.

ಗದ್ದ ತೆಗೆಯದೆ ಅವನು
ಇನ್ನೂ ಅವರ ಕಿವಿಯನ್ನೇ ನೋಡುತ್ತಿದ್ದ.
"ಆ ಓಲೆಯ ಕಲ್ಲು ನಮ್ಮೂರದ್ದಲ್ಲ, ಡಾಕ್ಟರ್.
ಪ್ಲಾಸ್ಟಿಕ್. ನಿಮಗೆ ಮೋಸವಾಗಿದೆ."

ಇದಕ್ಕೆ ಫಾರ್ಮಿನಲ್ಲಿ ಕಾಲಂ ಹುಡುಕಿದೆ.
ಎಡಗಣ್ಣು ಇನ್ನೂ ಬಾಕಿಯಿತ್ತು.