ತಕ್ಕಡಿ

ಸ್ಟ್ಯಾಫರ್ಡ್‌ನ ದಾಖಲೆ ಕಚೇರಿಯಲ್ಲಿ ಪೆನ್ನು ಕೂಡದು, ಪೆನ್ಸಿಲ್ ಮಾತ್ರ.
ಮುತ್ತಜ್ಜಿಯ ತಾಯಿ ಕೆಜೈಯಾ ಟ್ರೋಮನ್ಸ್‌ಳನ್ನು
ಮೂರು ಶನಿವಾರದಿಂದ ಹುಡುಕುತ್ತಿದ್ದೇನೆ.

ಸಾವಿರದ ಎಂಟುನೂರ ಅರವತ್ತೊಂದರ ಗಣತಿಯಲ್ಲಿ ಇಪ್ಪತ್ತನಾಲ್ಕು,
ಎಪ್ಪತ್ತೊಂದರಲ್ಲಿ ಮೂವತ್ತೊಂದು.
ಹತ್ತು ವರ್ಷಕ್ಕೆ ಏಳೇ ವಯಸ್ಸು;
ಮಿಕ್ಕ ಮೂರನ್ನು ತಿಂದದ್ದು ಕುಲುಮೆಯೋ, ಗುಮಾಸ್ತನೋ.
ಗಂಡನ ಮುಂದೆ ‘ಮೊಳೆಗಾರ’ ಎಂದು ಬರೆದವನು
ಇವಳ ಮುಂದೆ ಗೀಟೆಳೆದು ಪಕ್ಕದ ಮನೆಗೆ ಹೋಗಿದ್ದಾನೆ.
ಅವನು ಕದ ತಟ್ಟಿದಾಗ ಹಿತ್ತಲಿಂದ
ಇವಳ ಸುತ್ತಿಗೆ ಕೇಳಿಸಲಿಲ್ಲವೇ?

ಮದುವೆ ಪುಸ್ತಕದಲ್ಲಿ ಸಹಿಯ ಜಾಗಕ್ಕೆ ಕತ್ತರಿ ಗುರುತು,
ಎರಡು ಮೊಳೆ ಅಡ್ಡಡ್ಡ ಬಿದ್ದ ಹಾಗೆ.
ಹೂಳಿದವರ ಪಟ್ಟಿಯಲ್ಲಿ ಐದು ಕೂಸು,
ಎನಕ್ ಎಂಬ ಹೆಸರೇ ಎರಡು ಸಲ.

ಇವತ್ತು, ಕಚೇರಿ ಮುಚ್ಚುವ ಹೊತ್ತಿಗೆ,
ರೌಲಿಯ ನ್ಯಾಯಾಲಯದ ಹಾಳೆಯೊಂದರಲ್ಲಿ ಸಿಕ್ಕಳು:
ಮೊಳೆ ದಲ್ಲಾಳಿಯ ತಕ್ಕಡಿಯನ್ನು
ಬೀದಿಗೆಸೆದ ತಪ್ಪಿಗೆ ಐದು ಶಿಲಿಂಗ್ ದಂಡ.
ಹೇಳುವುದೇನಾದರೂ ಇದೆಯೇ ಎಂದು ಕೇಳಿದ್ದಾರೆ.
“ಅದು ಸುಳ್ಳು ಹೇಳ್ತಿತ್ತು, ಸ್ವಾಮಿ.”

ಇಷ್ಟು ಕಾಗದದಲ್ಲಿ ಅವಳ ಬಾಯಿಂದ ಬಂದದ್ದು ಇಷ್ಟೇ.
ಒತ್ತಿ ಬರೆದುಕೊಂಡೆ; ಮೊನೆ ಮುರಿಯಿತು.
ಎದುರಿಗೆ ಕೂತ ಮುದುಕ ತನ್ನ ಪೆನ್ಸಿಲ್ ಸರಿಸಿದ.
ದಂಡ ಕಟ್ಟಿದಳೋ ಇಲ್ಲವೋ,
ಮುಂದಿನ ಹಾಳೆಯನ್ನು ಗೆದ್ದಲು ಓದಿಬಿಟ್ಟಿದೆ.